ಕೋರ್ಟಿಗೆ ಹೋದ ಕೈಗುಣ

ಎಪ್ಪತ್ತರ ದಶಕದ ಒಂದು ಮಳೆಗಾಲ. ಕಾಲರಾ ಎದ್ದಿದೆ ಎಂದು ಜೋಗೇಶ್ವರಿಯ ನಮ್ಮ ಕಾರ್ಖಾನೆಯ ಮಾಲೀಕರು ಗೇಟಿನಲ್ಲೇ ಲಸಿಕೆ ಹಾಕಿಸುವ ಏರ್ಪಾಡು ಮಾಡಿದರು. ಚುಚ್ಚಿಸಿಕೊಳ್ಳದವನಿಗೆ ಒಳಗೆ ಪ್ರವೇಶವಿಲ್ಲ. ಕಾಂಪೌಂಡರ್ ಎಡತೋಳು ಕೇಳಿದ. ಎಡಗೈ ಮುಂದೆ ಮಾಡಬಾರದು ಎಂದು ಬೈಸಿಕೊಂಡೇ ಬೆಳೆದ ನಾನು ಬಲತೋಳು ಒಡ್ಡಿದೆ. ಅವನಿಗೋ ಅವಸರ. ತೋಳು ಬಿಟ್ಟು ಹೆಗಲಿನ ಕೀಲಿಗೇ ಚುಚ್ಚಿದ. ಅಂದಿನಿಂದ ಕೈ ಎದೆಮಟ್ಟ ದಾಟಲಿಲ್ಲ. ನನ್ನ ಕೆಲಸವೋ, ತಲೆಯ ಮೇಲಿನ ಹಿಡಿ ಜಗ್ಗಿ ಡಬ್ಬಿಯ ಮುಚ್ಚಳ ಒತ್ತುವುದು. ಕೈಲಾಗದವನು ಮನೆಯಲ್ಲಿರಲಿ ಎಂದು ಮಾಲೀಕರು ಕಳಿಸಿಬಿಟ್ಟರು.

ಮಲಾಡಿನ ನಮ್ಮ ಚಾಳಿನಲ್ಲಿ ಬಿಜಾಪುರದ ಕಡೆಯವರೇ ಹೆಚ್ಚು. ಅವರಿಗೆಲ್ಲ ನನ್ನ ಅವ್ವನೇ ಡಾಕ್ಟರು. ಕಾಮಾಲೆಯಾಗಲಿ, ಸೊಂಟ ಹಿಡಿಯಲಿ, ಕಬ್ಬಿಣದ ಸಳಿ ಕಾಯಿಸಿ ಚುರ್ರೆನ್ನುವಂತೆ ಬರೆ ಎಳೆಯುತ್ತಿದ್ದಳು. ಅದಕ್ಕೆ ಚುಟಿಗೆ ಎಂದು ಹೆಸರು. ಅವಳ ಕೈಗುಣ ದೊಡ್ಡದು ಎಂದು ಎಲ್ಲರೂ ಹೊಗಳುವವರೇ. ನನ್ನ ಹೆಗಲಿಗೂ ಸಳಿ ಕಾಯಿಸಿದಳು. ನಾನು ಬೇಡವೆಂದು ಗೋಗರೆದೆ.

"ಊರ ಮಂದಿಗೆಲ್ಲಾ ಹಾಕೀನಿ, ಹೊಟ್ಟ್ಯಾಗ ಹುಟ್ಟಿದ ಮಗಗ ಹಾಕಬಾರದೇನು?" ಎಂದು ಗದರಿಸಿ, ಸೂಜಿ ಚುಚ್ಚಿದ ಜಾಗವನ್ನೇ ಹುಡುಕಿ ಅದರ ಮೇಲೊಂದು, ಅಕ್ಕಪಕ್ಕ ಎರಡು ಹಾಕಿದಳು.

ನೋವು ಹೋಗಲಿಲ್ಲ. ಪರಿಹಾರವನ್ನಾದರೂ ಕೇಳೋಣವೆಂದು ದಾದರಿನಲ್ಲಿದ್ದ ಧಾರವಾಡದ ವಕೀಲರೊಬ್ಬರ ಬಳಿ ಹೋದೆ. ಅಂಗಿ ಸರಿಸಿದ್ದೇ ತಡ, "ಏನ್ ತಮ್ಮಾ, ಪುರಾವೇನ ಸುಟಗೊಂಡು ಬಂದೀಯಲ್ಲೋ!" ಎಂದರು.

ಆದರೂ ಕೋರ್ಟಿಗೆ ಅರ್ಜಿ ಹಾಕಿದರು. ಅವರು ಹೆದರಿದಂತೆಯೇ ಆಯಿತು. ಕೈ ಕೆಡಿಸಿದ್ದು ಸೂಜಿಯಲ್ಲ, ಅವನ ತಾಯಿ ಎಂದು ಕಂಪನಿಯ ವಕೀಲರು ವಾದ ಹೂಡಿದರು. ಚುಟಿಗೆಯಿಂದ ಯಾರಿಗೂ ಏನೂ ಆಗುವುದಿಲ್ಲವೆಂದು ತೋರಿಸಲು ನಮ್ಮ ವಕೀಲರು ಚಾಳಿನಿಂದ ಇಬ್ಬರು ಸಾಕ್ಷಿಗಳನ್ನು ಕರೆಸಿದರು. ಒಬ್ಬ ಅಂಗಿಯೆತ್ತಿ ಹೊಕ್ಕುಳ ಸುತ್ತಲಿನ ಬರೆ ತೋರಿಸಿದ. ಇನ್ನೊಬ್ಬ ಹಿರಿಯ, ಯಾರೂ ಕೇಳದಿದ್ದರೂ, ಧೋತರವನ್ನು ತೊಡೆಯವರೆಗೆ ಎತ್ತಿ ನ್ಯಾಯಾಧೀಶ ಸಾಹೇಬರ ಮೇಜಿನತ್ತಲೇ ನಡೆದ. ಕೋರ್ಟಿನ ಜವಾನ ಪಟ್ಟೆವಾಲಾ "ಅರೇ, ನೀಚೇ ಕರೋ!" ಎಂದು ಓಡಿಬಂದ.

ಆಮೇಲೆ ಅವ್ವನ ಸರದಿ. ಚುಟಿಗೆಗೆ ಮೊದಲು ಮಗನ ಕೈ ಏಳುತ್ತಿತ್ತೇ ಎಂದು ಕೇಳಿದರೆ ಇಲ್ಲ ಅನ್ನಬೇಕು, ಬಾಯಿ ಮುಚ್ಚಬೇಕು. ಇಷ್ಟನ್ನು ಅವಳಿಗೆ ಗಿಳಿಪಾಠ ಮಾಡಿಸಿದ್ದೆವು. ನಮ್ಮ ವಕೀಲರು ಕೇಳಿದರು. "ಇಲ್ರಿ" ಎಂದಳು. ಗೆದ್ದೆವು ಎಂದುಕೊಂಡೆ.

ಕಂಪನಿಯ ವಕೀಲರು ಎದ್ದು, ಅವಳಿಗೆ ತಿಳಿಯುವಷ್ಟು ಸರಳ ಮರಾಠಿಯಲ್ಲಿ, "ಅಂದರೆ ನಿಮ್ಮ ಚುಟಿಗೆಯಿಂದಲೂ ಗುಣವಾಗಲಿಲ್ಲ ಅನ್ನಿ" ಎಂದು ನಕ್ಕರು.

ಅವ್ವನ ಮುಖ ಕೆಂಪಾಯಿತು. "ಯಾರಿಗೆ ಹೇಳ್ತೀರಿ? ನನ್ನ ಕೈಯಾಗ ಗುಣ ಆಗದವ ಇನ್ನೂ ಹುಟ್ಟಿಲ್ಲ. ನನ್ನ ಮಗನ ಕೈ ನೆಟ್ಟಗ ಆಗ್ಯದ!"

ಅವಳ ಕನ್ನಡದ ತರ್ಜುಮೆಯಲ್ಲಾದರೂ ನಮ್ಮ ವಕೀಲರು ತೇಪೆ ಹಾಕುತ್ತಿದ್ದರೋ ಏನೋ. ಆದರೆ ಸಾಹೇಬರು ಬೆಳಗಾವಿಯಲ್ಲಿ ಓದಿದವರು, ಕನ್ನಡ ಚೆನ್ನಾಗಿ ಬರುತ್ತಿತ್ತು. ನನ್ನ ಕಡೆ ತಿರುಗಿ, "ತಾಯಿ ಹೇಳೂದು ಖರೇ ಏನು?" ಎಂದರು.

ನನಗೆ ಎಲ್ಲರ ಮೇಲೂ ಸಿಟ್ಟು ಬಂತು. ಆ ಕಾಂಪೌಂಡರನ ಮೇಲೆ, ಆ ಧೋತರದವನ ಮೇಲೆ, ಎಲ್ಲರಿಗಿಂತ ಹೆಚ್ಚು ಅವ್ವನ ಮೇಲೆ. ಸುಳ್ಳು ಎಂದು ಒಂದು ಮಾತು ಹೇಳಿದರೆ ಪರಿಹಾರ ಕೈಗೆ ಬರಬಹುದಿತ್ತು. ಆದರೆ ಚಾಳಿನವರಿಬ್ಬರೂ ಹಿಂದೆ ಕೂತಿದ್ದರು. ಅವ್ವ ನನ್ನನ್ನೇ ನೋಡುತ್ತಿದ್ದಳು. ಆ ಮುಖ ನೋಡಿಕೊಂಡು ಇಲ್ಲವೆನ್ನಲು ನನ್ನಿಂದ ಆಗಲಿಲ್ಲ.

"ಖರೇ ರೀ" ಎಂದೆ.

ಕೈ ನೆಟ್ಟಗಿದ್ದವನಿಗೆ ಪರಿಹಾರ ಯಾತಕ್ಕೆ? ಅರ್ಜಿ ವಜಾ ಆಯಿತು. ಕಂಪನಿಯ ವಕೀಲರು ಬಹಳ ಮರ್ಯಾದೆಯಿಂದ, ಗುಣವಾದದ್ದು ಸಂತೋಷ, ನಾಳೆಯಿಂದಲೇ ಮಷೀನಿಗೆ ಬನ್ನಿ ಎಂದರು. ನಮ್ಮ ವಕೀಲರು ಮಾತ್ರ ನನಗೆ ಕೈಮುಗಿದು ನಡೆದುಬಿಟ್ಟರು.

ಲೋಕಲ್‌ನಲ್ಲಿ ಅವ್ವನೂ ನಾನೂ ಮರಳಿದೆವು. ಚಾಳಿಗೆ ಬಂದ ಮೇಲೆ, ಕೋರ್ಟಿನಲ್ಲೇ ಅವಳ ಕೈಗುಣ ಸಾಬೀತಾಯಿತೆಂದು ಹೆಂಗಸರೆಲ್ಲ ಸುತ್ತುವರಿದರು. ಅವಳು ಅವರನ್ನು ಸರಿಸಿಕೊಂಡು ಒಳಗೆ ಬಂದು ರೊಟ್ಟಿ ಬಡಿಯಲು ಕೂತಳು. ನನ್ನ ತಾಟಿಗೆ ರೊಟ್ಟಿ ಹಾಕಿ, ಹರಿದು ತುಂಡು ಮಾಡಿಟ್ಟು, ತಲೆ ಎತ್ತದೆ ಹೇಳಿದಳು:

"ನಾಳೆ ಜಲ್ದಿ ಏಳು. ಬಾಗಲಾ ಹಾಕ್ಕೊಂಡು ಅಂಗಿ ನಾನ ತೊಡಸ್ತೀನಿ."