ಮಾದರಿ ಫಾರಮ್ಮಿನ ಎಂಬತ್ತು ಸಾವಿರ

ವಿಶ್ವವಿದ್ಯಾಲಯದ ಉದ್ಯೋಗ ವಿಭಾಗದ ಗುಮಾಸ್ತರನ್ನು ಎಲ್ಲರೂ ‘ಫಾರಂ ಮೇಷ್ಟ್ರು’ ಎನ್ನುತ್ತಿದ್ದರು. ಅವರು ಯಾರಿಗೂ ಪಾಠ ಹೇಳಿದವರಲ್ಲ. ಆದರೆ ಖಾಲಿ ಬಿಟ್ಟ ಕಾಲಂ ಕಂಡರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. ಅದಕ್ಕೇ ಒಂಬತ್ತು ವರ್ಷದ ಹಿಂದೆ ತಾವೇ ಒಂದು ಫಾರಂ ಟೈಪ್ ಮಾಡಿ, ‘ಮಾದರಿ’ ಎಂದು ನೋಟಿಸ್ ಬೋರ್ಡಿಗೆ ಅಂಟಿಸಿದ್ದರು. ‘ನಿರೀಕ್ಷಿಸುವ ಸಂಬಳ’ ಎಂಬಲ್ಲಿ ಏನೂ ತೋಚದೆ, ಊಟದ ಡಬ್ಬಿ ಬಿಚ್ಚುವ ಆತುರದಲ್ಲಿ ಎಂಬತ್ತು ಸಾವಿರ ಎಂದು ಒತ್ತಿ ಎದ್ದರು. ಅವರ ಸಂಬಳ ಆಗ ಅದರ ಕಾಲು ಭಾಗವೂ ಇರಲಿಲ್ಲ.

ಮುಂದಿನದೆಲ್ಲ ವಿದ್ಯೆಯ ಮಹಿಮೆ. ಆ ವರ್ಷದವರು ಬೋರ್ಡ್ ನೋಡಿ ಎಂಬತ್ತು ಸಾವಿರ ಬರೆದರು. ಮುಂದಿನವರು ಅವರನ್ನು ನೋಡಿ ಬರೆದರು. ಪ್ರೊಫೆಸರೊಬ್ಬರು ಆ ಫಾರಮ್ಮುಗಳನ್ನು ಗುಡ್ಡೆ ಹಾಕಿ, ಕೂಡಿ ಭಾಗಿಸಿ, ಸರಾಸರಿ ಎಂಬತ್ತು ಸಾವಿರ ಎಂದು ಕಂಡುಹಿಡಿದು ಬಡ್ತಿ ಪಡೆದರು! ಆ ಅಂಕಿ ವಿಶ್ವವಿದ್ಯಾಲಯದ ಪ್ರವೇಶ ಪುಸ್ತಿಕೆಯಲ್ಲೂ ಅಚ್ಚಾಯಿತು. ‘ನಿರೀಕ್ಷಿಸುವ’ ಎಂಬ ಮಾತು ಮಾತ್ರ ಜಾಗ ಸಾಲದೆ ಬಿದ್ದುಹೋಗಿ, ಬರೀ ‘ಸಂಬಳ’ ಉಳಿಯಿತು. ಮೇಷ್ಟ್ರಿಗೆ ಒಳಗೊಳಗೇ ಹೆಮ್ಮೆ, ಒಂದು ಕಾಲಮ್ಮೂ ಖಾಲಿಯಿಲ್ಲವಲ್ಲ ಎಂದು.

ಈ ವರ್ಷ ಅಲ್ಲೇ ಓದುತ್ತಿದ್ದ ಅವರ ಮಗಳ ಸರದಿ ಬಂತು. ಔಷಧಿ ತಯಾರಿಸುವ ಪ್ರಯೋಗಾಲಯವೊಂದು ಇಡೀ ತರಗತಿಯಲ್ಲಿ ಅವಳೊಬ್ಬಳನ್ನೇ ಆರಿಸಿತು. ಅವಳು ಚಿಕ್ಕಂದಿನಿಂದ ಆಸೆಪಟ್ಟ ಕೆಲಸ. ಸಂಬಳ ಇಪ್ಪತ್ತೆಂಟು ಸಾವಿರ. ಸಂಜೆ ಐದರೊಳಗೆ ಉತ್ತರ ಕೊಡಬೇಕಿತ್ತು. ಮಗಳು ಪತ್ರವನ್ನು ಅಪ್ಪನ ಮೇಜಿನ ಮೇಲಿಟ್ಟು ಮೂಗು ಮುರಿದಳು.

“ಬೇಡ ಅಂದ್ಬಿಡ್ತೀನಪ್ಪಾ.”

“ಹುಚ್ಚೇನೆ ನಿಂಗೆ? ಎಂಥಾ ಕೆಲಸ ಕಣೆ ಅದು!”

“ನಮ್ಮಲ್ಲಿ ಓದಿದವ್ರಿಗೆ ಎಂಬತ್ತು. ಕಮ್ಮಿಗೆ ಒಪ್ಕೊಂಡ್ರೆ ಫ್ರೆಂಡ್ಸೆಲ್ಲ ನಗಲ್ವಾ?”

“ಅವ್ರಲ್ಲಿ ಯಾರಿಗೆ ಸಿಕ್ಕಿದೆ ಎಂಬತ್ತು?”

“ಯಾರಿಗೂ ಇನ್ನೂ ಕೆಲಸಾನೇ ಸಿಕ್ಕಿಲ್ಲ. ಆದ್ರೆ ಎಲ್ರೂ ಅಷ್ಟೇ ಬರ್ದಿದೀವಿ.”

ಒಂಬತ್ತು ವರ್ಷದಲ್ಲಿ ಮೊದಲ ಸಲ ಮೇಷ್ಟ್ರಿಗೆ ನಾಚಿಕೆಯಾಯಿತು. ಎದ್ದು ಹೋಗಿ ಬೋರ್ಡಿನಿಂದ ಮಾದರಿಯನ್ನು ಕಿತ್ತು ತಂದರು.

“ಇದನ್ನ ಬರ್ದಿದ್ದು ನಾನೇ ಕಣಮ್ಮಾ. ಹೊಟ್ಟೆ ಹಸೀತಿತ್ತು, ಏನೋ ಒಂದು ಹಾಕ್ದೆ.”

ಮಗಳು ಹಾಳೆ ನೋಡಿದಳು, ಅಪ್ಪನ ಸವೆದ ಅಂಗಿಯ ಕಾಲರು ನೋಡಿದಳು, ನಕ್ಕುಬಿಟ್ಟಳು.

“ನೀನಾ? ಸುಮ್ನಿರಪ್ಪ. ಪ್ರೊಫೆಸರ್ ಲೆಕ್ಕ ಹಾಕಿ ಹೇಳಿದಾರೆ. ನಿಂಗೇನು ಗೊತ್ತು ಸಂಬಳದ ವಿಷ್ಯ?”

ಕೆಲಸ ನಿರಾಕರಿಸುವುದಕ್ಕೂ ಅಲ್ಲೊಂದು ಫಾರಮ್ಮಿತ್ತು. ಅವಳು ಹೆಸರು ಬರೆದು, ಸಹಿ ಹಾಕಿ, ‘ಕಾರಣ’ ಎಂಬ ಕಾಲಂ ಖಾಲಿ ಬಿಟ್ಟು ಹೊರಟುಹೋದಳು.

ಐದು ಗಂಟೆಯವರೆಗೆ ಮೇಷ್ಟ್ರು ಆ ಖಾಲಿ ಜಾಗವನ್ನೇ ನೋಡುತ್ತ ಕೂತರು. ಆಮೇಲೆ ಪೆನ್ನು ತೆಗೆದು ‘ಕಾರಣ’ದ ಮುಂದೆ ‘ತಂದೆ’ ಎಂದು ಬರೆದು, ಮೊಹರು ಒತ್ತಿದರು.