ಏಳು ನಿಮಿಷದ ಅಮಾನತ್ತು

ಮಂಜು ಇಳಿದಿದೆ. ಮಧುಗಿರಿ ಬೆಟ್ಟಕ್ಕೆ ಇವತ್ತು ತಲೆಯೂ ಇಲ್ಲ, ಸೊಂಟವೂ ಇಲ್ಲ. ಬುಡದ ಒಂದಿಷ್ಟು ಬಂಡೆ ಮಾತ್ರ ಕಾಣುತ್ತಿದೆ. ಶಿರಾ ರಸ್ತೆಯಿಂದ ಎರಡು ಮೈಲಿ ಒಳಗಿರುವ ಈ ಹಟ್ಟಿಯಲ್ಲಿ ಆರೂವರೆಯಾದರೂ ಬೆಳಕು ನೀರು ಬೆರೆಸಿದ ಹಾಲಿನಂತಿದೆ. ಕಂಬಳಿ ನೇಯುವ ದೊಡ್ಡರಂಗಪ್ಪ ಅಂಗಳದಲ್ಲಿ ನಿಂತು ಮೂಡಲನ್ನೇ ನೋಡುತ್ತಾರೆ. ಎಳೆದು ಕಟ್ಟಿದ ಉಣ್ಣೆ ನೂಲಿಗೆ ಹುಣಸೆಬೀಜದ ಗಂಜಿ ಬಳಿಯಬೇಕು. ಬಳಿದ ಮೇಲೆ ಬಿಸಿಲು ಬೇಕೇ ಬೇಕು.

“ಸೂರ್ಯಪ್ಪ ಇವತ್ತು ಕಂಬ್ಳಿ ಹೊದ್ಕೊಂಡು ಮನಿಕ್ಕಂಡವ್ನೆ. ಯಾರು ನೇಯ್ದಿದ್ದೋ ಏನೋ, ಚೆಂದಾಗೇ ನೇಯ್ದವ್ರೆ” ಅನ್ನುತ್ತಾರೆ.

ಜಗಲಿಯ ಮೇಲೆ ಅವರ ಹೆಂಡತಿ ಲಕ್ಕಮ್ಮ ರಾಟೆ ತಿರುಗಿಸುತ್ತಿದ್ದಾರೆ. ಅವರೆದುರು ಮಡಿಸಿದ ಗೋಣಿಚೀಲದ ಮೇಲೊಂದು ಕ್ಯಾಮೆರಾ. ಅದರ ಹಿಂದೆ, ತಣ್ಣನೆಯ ನೆಲದ ಮೇಲೆ ಕವುಚಿ ಮಲಗಿದ ಹೆಂಗಸು ಸಮ್ರೀನ್. ವಯಸ್ಸು ಮೂವತ್ತೊಂಬತ್ತು. ಊರು ಶಿರಾ. ಹನ್ನೊಂದು ವರ್ಷದಲ್ಲಿ ಮೂರು ಸಿನಿಮಾ ಮಾಡಿದ್ದಾರೆ. ಮೂರನ್ನೂ ನೋಡಿದವರನ್ನೆಲ್ಲ ಸೇರಿಸಿದರೆ ಎರಡು ಬಸ್ಸು ತುಂಬಬಹುದು, ಅಷ್ಟೆ.

ನಾಲ್ಕು ಗಂಟೆಗೆ ಎದ್ದು, ನಮಾಜು ಮುಗಿಸಿ, ಸ್ಕೂಟರಿನ ಮುಂದೆ ಕ್ಯಾಮೆರಾ ಚೀಲ ಇಟ್ಟುಕೊಂಡು ಹೊರಟವರು ಇಲ್ಲಿ ಮುಟ್ಟುವಾಗ ರೆಪ್ಪೆಯ ಮೇಲೆಲ್ಲ ಇಬ್ಬನಿ ಕೂತಿತ್ತು. ಹದಿನಾಲ್ಕು ತಿಂಗಳಿಂದ ಹೀಗೇ ಬರುತ್ತಿದ್ದಾರೆ. ಮೊದಲ ಐದು ಸಲ ಕ್ಯಾಮೆರಾ ಚೀಲದಿಂದ ಹೊರಗೇ ಬರಲಿಲ್ಲವಂತೆ. ಉಣ್ಣೆ ಬಿಡಿಸಿದರು, ನೀರು ಸೇದಿದರು, ಲಕ್ಕಮ್ಮನ ಕೈಯ ಮುದ್ದೆ ಉಂಡರು.

“ಕೈ ಕೆಲಸ ಗೊತ್ತಾಗದೆ ಕಣ್ಣಿಗೇನು ಕಾಣುತ್ತೆ? ಒಂದು ಹಿಡಿ ಉಣ್ಣೆ ನೂಲಾಗೋಕೆ ಎಷ್ಟು ಹೊತ್ತು ಬೇಕೋ, ನನ್ನ ಶಾಟು ಅಷ್ಟೇ ಉದ್ದ. ಮಧ್ಯೆ ಕತ್ತರಿಸಲ್ಲ” ಎನ್ನುತ್ತಾರೆ ಸಮ್ರೀನ್. ಲೈಟು ಹಾಕುವುದಿಲ್ಲ. ಹಿಂದೆ ಸಂಗೀತ ಸೇರಿಸುವುದಿಲ್ಲ. ರಾಟೆಯ ಗುರುಗುರು, ಆಡಿನ ಕೂಗು, ಯಾರೋ ಯಾರನ್ನೋ ಬೈಯುವ ಸದ್ದು, ಇಷ್ಟೇ.

ಹೊಟ್ಟೆಪಾಡು ಬೇರೆ. ಶಿರಾದಲ್ಲಿ ತಂದೆ ಬಾಷಾ ಸಾಬ್ ಹೊಲಿಗೆ ಮಾಡುತ್ತಿದ್ದ ಅಂಗಡಿಯನ್ನೇ ಸಣ್ಣ ಸ್ಟುಡಿಯೋ ಮಾಡಿಕೊಂಡಿದ್ದಾರೆ. ಪಾಸ್‌ಪೋರ್ಟ್ ಫೋಟೋ, ಜೆರಾಕ್ಸು, ಮದುವೆ ವಿಡಿಯೋ. ಗಂಡಸರು ಕಾಲಿಡದ ಹೆಂಗಸರ ಕಡೆಯ ಮದುವೆ ಸಂಭ್ರಮಕ್ಕೆ ಕ್ಯಾಮೆರಾ ಹಿಡಿಯಬಲ್ಲವರು ಸುತ್ತಮುತ್ತ ಇವರೊಬ್ಬರೇ. ಇನ್ನೂರಕ್ಕೂ ಹೆಚ್ಚು ಮದುವೆ ತೆಗೆದಿದ್ದಾರೆ. “ಇವಳದೊಂದು ಬಿಟ್ಟು ಊರಲ್ಲಿ ಎಲ್ಲರ ಶಾದಿನೂ ಇವಳೇ ತೆಗೆದಳು” ಎಂದು ತಾಯಿ ರಹಮತ್ ಬಿ ಬಂದವರ ಮುಂದೆಲ್ಲ ಹೇಳುತ್ತಾರೆ. ಮಗಳು ನಗುತ್ತಾ ಚಹಾ ಸೋಸುತ್ತಾರೆ.

ಆ ಮದುವೆಮನೆಗಳಲ್ಲಿ ಸಮ್ರೀನ್ ಒಂದು ಪದ್ಧತಿ ಇಟ್ಟುಕೊಂಡಿದ್ದಾರೆ. ಹೊರಡುವ ಮುಂಚೆ ಕ್ಯಾಮೆರಾದಿಂದ ಮೆಮೊರಿ ಕಾರ್ಡು ತೆಗೆದು ಮದುಮಗಳ ತಾಯಿಯ ಕೈಗೆ ಕೊಟ್ಟುಬಿಡುತ್ತಾರೆ. ಮಾರನೆಯ ದಿನ ಆ ತಾಯಿಯೇ ಕಾರ್ಡು ತಂದು, ಪಕ್ಕದಲ್ಲಿ ಕೂತು ವಿಡಿಯೋ ಮಾಡಿಸಿಕೊಂಡು, ಕಾರ್ಡು ವಾಪಸು ಒಯ್ಯಬೇಕು. “ಅದು ಅಮಾನತ್ತು. ನಂಬಿಕೆ ಮೇಲೆ ನನ್ನ ಹತ್ತಿರ ಇಟ್ಟಿದ್ದು. ಅವರ ಮುಖ ನಂದಲ್ಲ.” ಕೊಟ್ಟವನು ಕೇಳಿದ ದಿನ ಉಸಿರನ್ನೂ ಹಿಂದಕ್ಕೆ ಒಪ್ಪಿಸಬೇಕಾದವರಲ್ಲವೇ ನಾವೆಲ್ಲ? ಅವರ ಬಗ್ಗೆ ಬರೆಯಲು ಬಂದ ನನಗೆ ಅವರ ಮಾತು ಕೇಳುತ್ತಾ ಹಾಗೆನಿಸಿತು.

ಸಿನಿಮಾದಲ್ಲೂ ಅದೇ ನೇಮ. ಮೊದಲ ನೋಟ ಅದರಲ್ಲಿರುವವರದು. ಅವರದೇ ಮನೆಯ ಬಿಳಿ ಪಂಚೆ ಕಟ್ಟಿ, ಅವರಿಗೇ ಮೊದಲು ತೋರಿಸುತ್ತಾರೆ. ಬೇಡ ಅಂದದ್ದನ್ನು ತೆಗೆಯುತ್ತಾರೆ. ಹೊರಗಿನವರಿಗೆ ಇದು ಹಿಡಿಸುವುದಿಲ್ಲ. ಹದಿನಾರು ಚಿತ್ರೋತ್ಸವಗಳಿಗೆ ಕಳಿಸಿ ಹದಿನಾರರಿಂದಲೂ ಇಲ್ಲ ಅನ್ನಿಸಿಕೊಂಡಿದ್ದಾರೆ. ಯಾವ ಶಾಲೆಯಲ್ಲಿ ಕಲಿತಿರಿ ಎಂದು ಕೇಳಿದವರುಂಟು. “ಬಡತನ ಸ್ವಲ್ಪ ಕಮ್ಮಿ ಕಾಣ್ತಿದೆ ಮೇಡಂ” ಅಂದ ಪುಣ್ಯಾತ್ಮರೂ ಉಂಟು.

ಹದಿನೇಳನೆಯದು ಒಪ್ಪಿತು. ಕಂಬಳಿಯ ಈ ಸಿನಿಮಾವನ್ನು, ನಲವತ್ತೆಂಟು ನಿಮಿಷದ್ದನ್ನು, ದೂರದ ದೊಡ್ಡ ಊರೊಂದರ ಉತ್ಸವ ಆರಿಸಿಕೊಂಡಿತು. ಆರಿಸಲು ಕಾರಣ ಅದರೊಳಗಿನ ಏಳು ನಿಮಿಷ ಎಂದು ಫೋನಿನಲ್ಲಿ ಬಾಯಿಬಿಟ್ಟೇ ಹೇಳಿದರು.

ಆ ಏಳು ನಿಮಿಷ ಬಂದ ಬಗೆ ಹೀಗೆ. ಚಿತ್ರೀಕರಣ ನಡೆಯುವಾಗ ಕ್ಯಾಮೆರಾದ ಮುಂದೆ ಕೆಂಪು ದೀಪ ಮಿಟುಕುತ್ತಿರುತ್ತದೆ. ಒಂದು ಬೆಳಿಗ್ಗೆ ಲಕ್ಕಮ್ಮ “ಇದೇನಮ್ಮ, ಕೆಂಗಣ್ಣು ಬುಟ್ಕೊಂಡು ನೋಡ್ತದೆ” ಎಂದು ತಮ್ಮ ಹಣೆಯ ಸ್ಟಿಕರ್ ಬೊಟ್ಟು ಕಿತ್ತು ದೀಪದ ಮೇಲೆ ಅಂಟಿಸಿದರು. ಇಬ್ಬರೂ ನಕ್ಕರು. ಆಮೇಲೆ ಸಮ್ರೀನ್ ಗಂಜಿ ಕಲಕಲು ಒಳಗೆ ಹೋದರು, ಕ್ಯಾಮೆರಾ ಓಡುತ್ತಿರುವುದು ಮರೆತೇಹೋಯಿತು. ದೀಪ ಕಾಣದ ಲಕ್ಕಮ್ಮನೂ ಮರೆತರು. ನಮ್ಮ ಕಡೆ ಹೆಂಗಸರು ಒಬ್ಬರೇ ಇರುವಾಗ ಬೀಸುವ ಕಲ್ಲು, ರಾಟೆಗಳೊಡನೆ ಮಾತಾಡುವುದು ಹೊಸದಲ್ಲ. ಲಕ್ಕಮ್ಮನೂ ರಾಟೆಯ ಜೊತೆ ಮಾತಾಡಿದರು. ತಿಂಗಳ ನಂತರ ಅರವತ್ತಮೂರು ಗಂಟೆಯ ವಿಡಿಯೋ ಸೋಸುವಾಗ ಸಮ್ರೀನ್‌ಗೆ ಅದು ಸಿಕ್ಕಿತು.

“ನಾನು ತೆಗೆದಿದ್ದಲ್ಲ, ಬಂದಿದ್ದು. ಅಂಥಾದ್ದು ಜೀವಮಾನಕ್ಕೊಂದು ಸಲ ಬರುತ್ತೆ. ಕೇಳದೇ ಸಿನಿಮಾದೊಳಗೆ ಇಟ್ಟೆ, ಹಾಗೇ ಕಳಿಸಿದೆ. ತೋರಿಸೋಕೆ ಮುಂಚೆ ಕಳಿಸಿದ್ದು ಅದೊಂದೇ ಸಲ. ಆಸೆ. ಸುಳ್ಳು ಯಾಕೆ ಹೇಳಲಿ.”

ಆಮೇಲೆ ನಿದ್ದೆ ಬರಲಿಲ್ಲವಂತೆ. ಇಲ್ಲಿಗೆ ಬಂದು ಪಂಚೆ ಕಟ್ಟಿ ಲಕ್ಕಮ್ಮನೊಬ್ಬರಿಗೇ ತೋರಿಸಿದರು. ನೋಡಿ ಮುಗಿದ ಮೇಲೆ ಲಕ್ಕಮ್ಮ ಪಂಚೆ ಬಿಚ್ಚಿ ಮಡಿಸಿದರು. “ಇಂಗೆಲ್ಲಾ ಅಂದ್ಬುಟ್ಟಿದ್ನಾ ನಾನು? ಇದು ನಂದು ಕಣಮ್ಮ. ನಂಗೇ ಕೊಟ್ಬುಡು” ಅಂದರು.

ಅದರಲ್ಲೇನಿದೆ ಎಂದು ನಾನು ಕೇಳಲಿಲ್ಲ. ದೊಡ್ಡರಂಗಪ್ಪನೂ ಕೇಳಿಲ್ಲ. “ನಲವತ್ತು ವರ್ಷದಿಂದ ರಾಟೆಗೆ ಏನೇನೋ ಯೋಳ್ತಾಳೆ. ನಂಗೆ ಬೈದಿದ್ರೆ ನೂಲು ಗಂಟಾಗ್ತಿತ್ತು. ಆಗಿಲ್ಲ ಅಂದ್ಮ್ಯಾಕೆ ನಂಗ್ಯಾಕೆ?” ಎನ್ನುತ್ತಾರೆ, ಗಂಜಿಯ ಮಡಕೆ ಕಲಕುತ್ತಾ.

ಸಮ್ರೀನ್ ಉತ್ಸವದವರ ಹತ್ತಿರವಿದ್ದ ಮೊದಲ ಪ್ರತಿಯನ್ನು ಅಳಿಸಿಹಾಕಿಸಿ, ಏಳು ನಿಮಿಷ ತೆಗೆದ ಸಿನಿಮಾ ಮತ್ತೆ ಕಳಿಸಿದರು. ಹೋದ ವಾರ ಉತ್ತರ ಬಂತು. ಇವತ್ತು ಇವರು ಇಲ್ಲಿಗೆ ಬಂದಿರುವುದು ಎರಡು ಕೆಲಸಕ್ಕೆ: ಒಂದು, ಖಾಲಿಯಾದ ಜಾಗಕ್ಕೆ ಗಂಜಿ ಬಳಿಯುವುದನ್ನು ಚಿತ್ರೀಕರಿಸಲು; ಇನ್ನೊಂದು ಕೆಲಸ ಇವರ ಚೀಲದಲ್ಲಿದೆ. ಕ್ಯಾಮೆರಾದ ಬೊಟ್ಟು ಈಗಿಲ್ಲ. ಕೆಂಪು ದೀಪ ಎಲ್ಲರಿಗೂ ಕಾಣುವಂತೆ ಮಿಟುಕುತ್ತಿದೆ.

ಮುಂದೇನು ಆಸೆ ಎಂದು ಕೇಳುತ್ತೇನೆ. “ಪಾವಗಡದ ಕಡೆ ಹೋಗಬೇಕು. ಸೋಲಾರ್ ಹಲಗೆ ಒರೆಸೋ ಹೆಂಗಸರು ಮಧ್ಯಾಹ್ನ ಅದರ ನೆರಳಲ್ಲೇ ಕೂತು ಉಣ್ತಾರಂತೆ. ಏನು ಮಾತಾಡ್ಕೋತಾರೋ! ಐದು ಸಲ ಸುಮ್ಮನೆ ಹೋಗಿ ಜೊತೇಲಿ ಉಂಡು ಬರಬೇಕು ಮೊದಲು.”

ಅಷ್ಟರಲ್ಲಿ ಲಕ್ಕಮ್ಮ ರಾಟೆಯಿಂದ ಕಣ್ಣೆತ್ತದೆ ಕೇಳುತ್ತಾರೆ, “ಆ ಊರೋರು ಏನಂದ್ರು?”

ಸಮ್ರೀನ್ ಕ್ಯಾಮೆರಾ ನಿಲ್ಲಿಸುತ್ತಾರೆ. “ಬೇಡ ಅಂದ್ರು ಅಮ್ಮ.”

“ನಾನು ವಾಪಸ್ ಕೇಳಿದ್ಕೆ.”

“ನಾನು ಕೇಳದೇ ಕಳಿಸಿದ್ದಕ್ಕೆ.”

ನೂಲು ಒಂದಿಷ್ಟು ದೂರ ಸಾಗುತ್ತದೆ. “ನಿಂಗೆ ಅಷ್ಟು ಬೇಕಾಗಿದ್ರೆ, ಇಟ್ಕೋ ಕಣಮ್ಮ. ವಯಸ್ಸಾತು, ನಂದೇನೈತೆ ಇನ್ನ” ಅನ್ನುತ್ತಾರೆ ಲಕ್ಕಮ್ಮ. ಅನ್ನುವಾಗ ಅವರ ಕೈ ನಿಂತಿದೆ. ರಾಟೆಯೂ ನಿಂತಿದೆ. ಈ ಬೆಳಗಿನಲ್ಲಿ ಅದು ನಿಂತದ್ದು ಇದೇ ಮೊದಲು.

ಸಮ್ರೀನ್ ಆ ಕೈಯನ್ನು ನೋಡುತ್ತಾರೆ. ಅಂಗಳದಲ್ಲಿ ಮಂಜು ಸರಿದು ಎಳೆಬಿಸಿಲು ಬಿದ್ದಿದೆ, ದೊಡ್ಡರಂಗಪ್ಪ ಗಂಜಿ ಬಳಿಯುವ ಕುಂಚ ಎತ್ತಿಕೊಂಡಿದ್ದಾರೆ. ಸಮ್ರೀನ್ ಎದ್ದು, ಚೀಲದಿಂದ ಉಣ್ಣೆಯ ತುಣುಕಿನಲ್ಲಿ ಸುತ್ತಿದ ಉಗುರಿನಷ್ಟಗಲದ ಕಾರ್ಡು ತೆಗೆದು, ಲಕ್ಕಮ್ಮನ ಅಂಗೈಯಲ್ಲಿಟ್ಟು ಬೆರಳು ಮಡಿಸುತ್ತಾರೆ.

“ಇನ್ನೆಲ್ಲೂ ಇಲ್ಲ. ಇದೊಂದೇ.”

ಲಕ್ಕಮ್ಮ ಅದನ್ನು ಎಲೆಅಡಿಕೆ ಚೀಲದ ಒಳಜೇಬಿಗೆ ಇಳಿಸಿ, ದಾರ ಎಳೆದು, ಗಂಟು ಹಾಕುತ್ತಾರೆ. ರಾಟೆ ಮತ್ತೆ ತಿರುಗತೊಡಗುತ್ತದೆ.