ಇಳಿಯದ ಬಲಗಾಲು

ಕಾಲು ಮುಂದಾಗಿ ಹುಟ್ಟಿದವರು ತುಳಿದರೆ ಬೆನ್ನಿನ ಉಳುಕು ಬಿಡುತ್ತದೆಂಬ ನಂಬಿಕೆ ನಮ್ಮ ಪಿರಿಯಾಪಟ್ಟಣದ ಕಡೆ ಇಂದಿಗೂ ಇದೆ. ನಾನು ಅದನ್ನು ಎಂದೂ ನಂಬಿದವನಲ್ಲ. ಆದರೆ ನಾನೇ ಹಾಗೆ ಹುಟ್ಟಿದವನು. ಏಳನೆಯ ತರಗತಿಗೇ ಶಾಲೆ ಬಿಟ್ಟರೂ, ಸಿಕ್ಕಿದ್ದನ್ನೆಲ್ಲ ಓದಿ, ಪರೀಕ್ಷಿಸದೆ ಏನನ್ನೂ ಒಪ್ಪಬಾರದೆಂದು ಹಟ ಹಿಡಿದವನು. ಆದರೂ ಬಂದವರನ್ನು ಹಿಂದಕ್ಕೆ ಕಳಿಸಲಾಗದೆ, ಖಾಲಿ ಹೊಟ್ಟೆಯಲ್ಲಿ ಬೋರಲು ಮಲಗಿದವರ ಬೆನ್ನನ್ನು ಬಲಗಾಲಿನ ಹಿಮ್ಮಡಿಯಿಂದ ಮೂರು ಸಲ ಒತ್ತುತ್ತಿದ್ದೆ. ವಾಸಿಯಾದವರು ತಾವಾಗಿಯೇ ವಾಸಿಯಾದರೆಂಬುದು ನನ್ನ ಅಭಿಪ್ರಾಯ.

ಕೆಲವು ವರ್ಷಗಳ ಹಿಂದೆ, ಹೊಗೆಸೊಪ್ಪು ಬೇಯಿಸಿ ಹದ ಮಾಡುವ ದಿನಗಳಲ್ಲಿ, ಭೇರ್ಯದಿಂದ ತಂಗಿ ಪುಟ್ಟಮ್ಮ ಬಂದಳು. ಮೂರು ತಿಂಗಳಿಂದ ನಡುಬೆನ್ನಿನಲ್ಲಿ ನೋವು, ಮಲಗಿದರೂ ಬಿಡದು. ಎದೆಯ ಸುತ್ತ ಪಟ್ಟಿ ಬಿಗಿದಂತಾಗುತ್ತದೆ ಎಂದಳು. ಬಸ್ಸಿಳಿದು ಬರುವಾಗ ಒಂದು ಚಪ್ಪಲಿ ಕಾಲಿನಿಂದ ಜಾರಿ ದಾರಿಯಲ್ಲೇ ಉಳಿದದ್ದು ಅವಳಿಗೆ ತಿಳಿದೇ ಇರಲಿಲ್ಲ. ನಾವೆಲ್ಲ ನಕ್ಕೆವು.

"ಆಸ್ಪತ್ರೆಗೆ ತೋರಿಸವ್ವ" ಎಂದೆ.

"ಅಲ್ಲೋದ್ರೆ ಗುಳಿಗೆ ಕೊಟ್ಟು ಕಳಿಸ್ತಾರೆ. ನೀನೇ ತುಳಿಯಣ್ಣಯ್ಯ. ನಿನ್ ಕಾಲೇನು ಸವೆದೋಯ್ತದಾ?"

ನನ್ನ ಹೆಂಡತಿ ಅಡುಗೆಮನೆಯಿಂದಲೇ, "ಹುಟ್ಟೋವಾಗ್ಲೇ ಎಲ್ಲರಂಗೆ ಬರ್ನಿಲ್ಲ ನಿಮ್ಮಣ್ಣ. ಈಗ ಯೋಳಿದ ಮಾತು ಕೇಳ್ತಾರಾ, ಬುಡು" ಎಂದಳು.

ಮರುದಿನ ಬೆಳಗ್ಗೆ ಅವಳನ್ನು ಚಾಪೆಯ ಮೇಲೆ ಮಲಗಿಸಿ, ಗೋಡೆ ಹಿಡಿದು ಕಾಲೆತ್ತಿದೆ. ಕಾಲು ಅವಳ ಬೆನ್ನಿನ ಮೇಲೆ, ಒಂದು ಗೇಣು ಎತ್ತರದಲ್ಲಿ ನಿಂತುಬಿಟ್ಟಿತು. ನೋವಿಲ್ಲ, ಜೋಮಿಲ್ಲ, ಭಯವೂ ಇಲ್ಲ. ಇಳಿಸಬೇಕೆಂದರೆ ಇಳಿಯಲಿಲ್ಲ. ಬೇರೆ ಯಾರದೋ ಕಾಲನ್ನು ನೋಡುತ್ತಿರುವಂತಿತ್ತು.

"ಏನಣ್ಣಯ್ಯ, ನಿಂತೇ ನಿದ್ದೆ ಮಾಡ್ತಿದ್ದೀಯಾ?"

ಪಕ್ಕಕ್ಕೆ ತಿರುಗಿದೆ, ಕಾಲು ಸಲೀಸಾಗಿ ನೆಲಕ್ಕೆ ಬಂತು. ಮತ್ತೆ ಬೆನ್ನಿನ ಮೇಲೆ ತಂದೆ, ಮತ್ತೆ ಅದೇ. ಮೂರನೆಯ ಸಲವೂ ಇಳಿಯದಾಗ ಕುಳಿತುಬಿಟ್ಟೆ.

ಪುಟ್ಟಮ್ಮ ಏಳಲು ಹೋದಳು, ಆಗಲಿಲ್ಲ. ಎರಡೂ ಕಾಲು ಕೊರಡಿನಂತೆ ಸೆಟೆದಿದ್ದವು. ರಾತ್ರಿಯಿಂದ ಮೂತ್ರ ಕಟ್ಟಿದೆಯೆಂಬುದನ್ನು ಆಗ ನನ್ನ ಹೆಂಡತಿಯ ಕಿವಿಯಲ್ಲಿ ಹೇಳಿದಳು. ಕಾರು ಮಾಡಿಕೊಂಡು ನೇರವಾಗಿ ಮೈಸೂರಿಗೆ ಹೋದೆವು.

ಸ್ಕ್ಯಾನಿಂಗ್ ನೋಡಿದ ವೈದ್ಯರು ಬಿಡಿಸಿ ಹೇಳಿದರು. ಬೆನ್ನುಮೂಳೆಗೆ ಕ್ಷಯ ತಗುಲಿತ್ತು. ಮೂಳೆ ಕುಸಿದು, ಕೀವು ತುಂಬಿ, ಒಳಗಿನ ಬೆನ್ನುಹುರಿಯನ್ನು ಅದುಮುತ್ತಿತ್ತು. ಗಡ್ಡೆ, ಜಾರಿದ ಡಿಸ್ಕ್, ಬಿದ್ದ ಪೆಟ್ಟು ಕೂಡ ಹೀಗೆಯೇ ಅದುಮಬಲ್ಲವಂತೆ. ಅದುಮಿದ ಜಾಗದಿಂದ ಕೆಳಕ್ಕೆ ಸ್ಪರ್ಶ ತಿಳಿಯದು, ಕಾಲು ಬಿಗಿಯುತ್ತದೆ, ಬಲ ಕುಗ್ಗುತ್ತದೆ, ಕೊನೆಗೆ ಮೂತ್ರ ಕಟ್ಟುತ್ತದೆ, ಇಲ್ಲವೇ ಹಿಡಿತ ತಪ್ಪುತ್ತದೆ. "ಈ ಬೆನ್ನನ್ನ ಯಾರಾದ್ರೂ ಒತ್ತಿದ್ರೆ ಇವರು ಮತ್ತೆ ನಡೀತಿರಲಿಲ್ಲ" ಎಂದರು.

ಅಂದೇ ಶಸ್ತ್ರಚಿಕಿತ್ಸೆಯಾಯಿತು, ಕ್ಷಯದ ಮಾತ್ರೆಗಳನ್ನು ಬಹುಕಾಲ ನುಂಗಿದಳು. ಈಗ ಕೋಲು ಹಿಡಿದು ಹೊಲದ ಬದುವಿನವರೆಗೂ ಹೋಗುತ್ತಾಳೆ.

ಊರಿನವರು ಅದನ್ನು ನನ್ನ ಕಾಲಿನ ಮಹಿಮೆ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಒಳಮನಸ್ಸು ರೋಗವನ್ನು ಗುರುತಿಸಿ ತಡೆದಿರಬೇಕೆಂದು ಓದಿದವರೊಬ್ಬರು ವಿವರಿಸಿದರು. ಅದೂ ನನಗೆ ಹಿಡಿಸಲಿಲ್ಲ. ಬೆನ್ನುಹುರಿಯ ವಿಷಯ ನಾನು ಓದಿದ್ದೆಲ್ಲ ಆಮೇಲೆ. ಗೋಡೆ ಹಿಡಿದು ಅದೇ ರೀತಿ ನಿಂತು ಎಷ್ಟೋ ಸಲ ಪರೀಕ್ಷಿಸಿದ್ದೇನೆ. ಕಾಲು ಪ್ರತಿ ಸಲವೂ ಇಳಿದಿದೆ.

"ನಾನೆಷ್ಟು ಗೋಗರೆದ್ರೂ ನೀನು ತುಳೀನಿಲ್ಲ, ಅದಕ್ಕೇ ಉಳ್ಕಂಡೆ ಕಣಣ್ಣಯ್ಯ" ಎನ್ನುತ್ತಾಳೆ ಪುಟ್ಟಮ್ಮ.

ತುಳಿಯಲೆಂದೇ ನಿಂತಿದ್ದೆ, ಮೂರು ಸಲವೂ. ಅದನ್ನು ಅವಳಿಗೆ ಇನ್ನೂ ಹೇಳಲಾಗಿಲ್ಲ.